ಕಿಟಕಿ ಬೆಳಕಿಗೆ ಹಿಡಿದ ಫಿಲ್ಮು

ಹೋದ ತಿಂಗಳು ಹೆಂಡತಿ ಮ್ಯಾಮೋಗ್ರಾಂ, ಅಂದರೆ ಕ್ಯಾನ್ಸರ್ ಇದೆಯಾ ಅಂತ ನೋಡುವ ಸ್ತನದ ಎಕ್ಸ್‌ರೇ, ಮಾಡಿಸಿಕೊಂಡು ಬಂದಳು. ಇಲ್ಲಿ ಸ್ವೀಡನ್ನಿನಲ್ಲಿ 40ರಿಂದ 74 ವಯಸ್ಸಿನ ಹೆಂಗಸರಿಗೆ, ತೊಂದರೆ ಏನೂ ಇಲ್ಲದಿದ್ದರೂ, ಬಂದು ತೋರಿಸಿಕೊಳ್ಳಿ ಅಂತ ಮನೆಗೇ ಕಾಗದ ಬರುತ್ತದೆ. ಒಂದೊಂದು ಚಿತ್ರವನ್ನೂ ಇಬ್ಬರು ಡಾಕ್ಟರು ಬೇರೆ ಬೇರೆಯಾಗಿ ನೋಡುವುದು ಇಲ್ಲಿನ ಪದ್ಧತಿ. ಊರಿಗೆ ಫೋನ್ ಮಾಡಿದಾಗೆಲ್ಲ ಇದನ್ನು ಹೇಳಿ ಬೀಗಿದ್ದೇನೆ. ಈ ಸಲ ಜೊತೆಗೆ ಹೋದವನು, ಈಗಲೂ ಇಬ್ಬರು ನೋಡುತ್ತಾರಾ ಅಂತ ಸುಮ್ನೆ ಕೇಳಿದೆ. "ಈಗ ಮೊದಲು ಕಂಪ್ಯೂಟರ್ ನೋಡುತ್ತೆ. ಅದಕ್ಕೆ ಅನುಮಾನ ಬಂದರೆ ಇಬ್ಬರು ಡಾಕ್ಟರು, ಇಲ್ಲದಿದ್ದರೆ ಒಬ್ಬರು" ಅಂದಳು ನರ್ಸ್.

ಯಾಕೋ ಚುಚ್ಚಿತು.

ಅಮ್ಮನ ಎದೆಯ ಎಕ್ಸ್‌ರೇ ತೆಗೆಸಿದ ದಿನ ನೆನಪಾಯಿತು. ಕಂಕುಳಲ್ಲಿ ಆ ದೊಡ್ಡ ಕವರು. ಡಾಕ್ಟರು ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು, ಕನ್ನಡಕ ಹಣೆಗೆ ಏರಿಸಿದರು. ಅಮ್ಮ ಫಿಲ್ಮಿನ ಕಡೆ ತಿರುಗಲೇ ಇಲ್ಲ, ಡಾಕ್ಟರ ಮುಖವನ್ನೇ ನೋಡುತ್ತಾ ಕೂತಳು. "ಏನೂ ಇಲ್ಲಮ್ಮ, ಸ್ವಲ್ಪ ಕಫ" ಅಂದರು. ಅರ್ಧ ಕಾಯಿಲೆ ಅಲ್ಲೇ ವಾಸಿಯಾಯಿತು. ಇಲ್ಲಿ ನನ್ನ ಹೆಂಡತಿಗೆ ಫೋನಿನಲ್ಲಿ ಎರಡು ಸಾಲು ಬಂತು, ಅಷ್ಟೇ.

ಯಂತ್ರ ಒಂದೊಂದು ಚಿತ್ರಕ್ಕೂ 1ರಿಂದ 10ರವರೆಗೆ ಅಂಕ ಹಾಕುತ್ತದಂತೆ, ಅನುಮಾನ ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಡಾಕ್ಟರ ಪರದೆಯಲ್ಲಿ ಮೊದಲೇ "2" ಅಂತ ಕಂಡರೆ, ಅವರು ಮೈಯೆಲ್ಲ ಕಣ್ಣಾಗಿ ನೋಡುತ್ತಾರಾ? ಪರೀಕ್ಷೆಗೆ ಮುಂಚೆ ಉತ್ತರ ಹೇಳಿಕೊಟ್ಟ ಹಾಗಾಯಿತು, ಅಲ್ವಾ? ಇಂಥ ಚಿತ್ರ ಓದುವ ಡಾಕ್ಟರಿಗೆ, ಅಂದರೆ ರೇಡಿಯಾಲಜಿಸ್ಟ್‌ಗಳಿಗೆ, ತರಬೇತಿ ಕೊಡುವುದನ್ನೇ ನಿಲ್ಲಿಸಿ ಅಂತ 2016ರಲ್ಲಿ ಕೃತಕ ಬುದ್ಧಿಮತ್ತೆಯ (ಎಐ) ದೊಡ್ಡ ವಿಜ್ಞಾನಿ ಜೆಫ್ರಿ ಹಿಂಟನ್ ಹೇಳಿದ್ದರು. ಅಂಥ ದೊಡ್ಡ ತಲೆಯ ಲೆಕ್ಕವೂ ತಪ್ಪಿತು. ಚಿತ್ರ ನೋಡುವವರು ಸಾಲದು ಅನ್ನುವ ಮಾತು ಇವತ್ತಿಗೂ ಇದ್ದೇ ಇದೆ.

ಇನ್ನು ಒಪ್ಪಲೇಬೇಕಾದ ಮಾತು. ಇದೇ ಸ್ವೀಡನ್ನಿನಲ್ಲಿ 80 ಸಾವಿರ ಹೆಂಗಸರನ್ನು ಎರಡು ಗುಂಪು ಮಾಡಿ ಹೋಲಿಸಿ ನೋಡಿದ್ದಾರೆ. 2023ರಲ್ಲಿ ಬಂದ ಮೊದಲ ಫಲಿತಾಂಶದ ಪ್ರಕಾರ, ಯಂತ್ರ ಜೊತೆಗಿದ್ದ ಗುಂಪಿನಲ್ಲಿ ಸಿಕ್ಕ ಕ್ಯಾನ್ಸರ್ ಕಡಿಮೆಯೇನಲ್ಲ, ಒಂದಿಷ್ಟು ಜಾಸ್ತಿಯೇ. ಡಾಕ್ಟರು ಚಿತ್ರ ನೋಡುವ ಕೆಲಸ ಮಾತ್ರ ಶೇ. 44ರಷ್ಟು ಇಳಿಯಿತು.

ಮತ್ತೆ ನಮ್ಮ ಕಡೆ? ಕಿಟಕಿ ಹತ್ತಿರ ನಿಂತಿದ್ದವರು ರೇಡಿಯಾಲಜಿಸ್ಟ್ ಅಲ್ಲ. ರೇಡಿಯಾಲಜಿಸ್ಟ್ ಮುಖವನ್ನು ಅಮ್ಮ ಯಾವತ್ತೂ ನೋಡಿಲ್ಲ. ಅವರಿಂದ ಬಂದದ್ದು "ಕೋರಿಲೇಟ್ ಕ್ಲಿನಿಕಲಿ", ಅಂದರೆ ರೋಗಿಯನ್ನು ನೋಡಿ ತಾಳೆ ಹಾಕಿಕೊಳ್ಳಿ, ಅನ್ನುವ ಒಂದು ಸಾಲು. ನಮ್ಮ ನೆಂಟರ ಹುಡುಗನೊಬ್ಬ ಅದೇ ಕೆಲಸದಲ್ಲಿದ್ದಾನೆ. ಒಂದು ಸಂಜೆ ಅವನ ಪಕ್ಕ ಕೂತಿದ್ದೆ. ಎದೆ, ಮೊಣಕಾಲು, ಮತ್ತೆ ಎದೆ. ಒಂದೊಂದಕ್ಕೆ ಅರ್ಧ ನಿಮಿಷವೂ ಇಲ್ಲ. "ನೂರು ದಾಟಿದ ಮೇಲೆ ಕಣ್ಣು ನೋಡುತ್ತೆ ಅಣ್ಣ, ತಲೆ ನೋಡಲ್ಲ" ಅಂದ. ಎರಡನೇ ಡಾಕ್ಟರು ನೋಡಲ್ವಾ ಅಂದಿದ್ದಕ್ಕೆ ಜೋರಾಗಿ ನಕ್ಕ. ಇಲ್ಲಿ ಇಬ್ಬರಿದ್ದವರು ಒಬ್ಬರಾದರು ಅಂತ ನಾನು ಗೊಣಗುತ್ತಿದ್ದೇನೆ. ಎದೆಯ ಎಕ್ಸ್‌ರೇ ಓದಲು ಒಬ್ಬರೂ ಸಿಗದ ಜಾಗ ಎಷ್ಟಿಲ್ಲ! ಕ್ಷಯ ಪತ್ತೆಗೆ, 15 ವರ್ಷ ತುಂಬಿದವರ ಎದೆಯ ಡಿಜಿಟಲ್ ಎಕ್ಸ್‌ರೇಯನ್ನು ಮನುಷ್ಯರ ಬದಲು ಸಾಫ್ಟ್‌ವೇರ್ ಓದಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ. ಇದು ಇಲ್ಲಿಗಿಂತ ಅಲ್ಲಿಗೇ ಜಾಸ್ತಿ ಬೇಕಾದದ್ದು. ಮನಸ್ಸಿಲ್ಲದೆ ಬರೆಯುತ್ತಿದ್ದೇನೆ.

ಭಾನುವಾರ ಫೋನಿನಲ್ಲಿ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅಮ್ಮ ಕೇಳಿದ್ದು ಒಂದೇ. "ಅದೆಲ್ಲ ಸರಿ ಕಣೋ, ಡಾಕ್ಟ್ರು ಬಾಯಲ್ಲಿ ಏನಂದ್ರು?"