ಚಪ್ಪಲಿ ಎಲ್ಲಿ ಬಿಡಲಿ ಅಂತಾದ್ರೂ ಕೇಳಬೇಕಲ್ವಾ?

ನಿನ್ನೆ ರಾತ್ರಿ ಎರಡೂಕಾಲಿಗೆ ಫೋನು ಬಡಿದುಕೊಂಡಿತು. ಬ್ಯಾಕಪ್ ನಿಂತಿದೆ, ಡಿಸ್ಕ್‌ನಲ್ಲಿ ಜಾಗ ಇಲ್ಲ ಅಂತ ಮೆಸೇಜು. ಬನಶಂಕರಿಯ ಮನೆಯಲ್ಲಿ ಕಣ್ಣುಜ್ಜಿಕೊಂಡು ಲಾಗಿನ್ ಆಗಿ ನೋಡಿದರೆ 400 ಜಿಬಿ ಖಾಲಿ ಬಿದ್ದಿದೆ!

ಒಂದು ಗಂಟೆ ತಡಕಾಡಿದೆ. ಬ್ಯಾಕಪ್ ಟೂಲು ಸಾಯುವಾಗ ತನ್ನ ಕಸ ತಾನೇ ಅಳಿಸಿ ಹೋಗುತ್ತಿತ್ತು, ಹಾಗಾಗಿ ಸುಳಿವೂ ಇಲ್ಲ. ಕೊನೆಗೆ ಮತ್ತೆ ಓಡಿಸಿ, ಪಕ್ಕದಲ್ಲೇ ಕಾದು ಕುಳಿತಾಗ ಸಿಕ್ಕಿಬಿತ್ತು. ಕೆಲಸದ ನಡುವೆ ಬೇಕಾಗುವ ತಾತ್ಕಾಲಿಕ ಫೈಲುಗಳನ್ನೆಲ್ಲ ಸ್ಲ್ಯಾಶ್ ಟೆಂಪ್ (/tmp) ಅನ್ನುವ ಡೈರೆಕ್ಟರಿಗೆ ಸುರಿಯುತ್ತಿದೆ. ಹೋದ ವಾರವಷ್ಟೇ ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ 12ನೇ ಆವೃತ್ತಿಯಿಂದ 13ಕ್ಕೆ ಬಂದಿದ್ದೆವು. 13ರಲ್ಲಿ ಸ್ಲ್ಯಾಶ್ ಟೆಂಪ್ ಡಿಸ್ಕ್‌ನಲ್ಲಿಲ್ಲ, ರ‍್ಯಾಮ್‌ನಲ್ಲಿದೆ. ಅದೂ ಅರ್ಧ ರ‍್ಯಾಮ್‌ವರೆಗೆ ಮಾತ್ರ. ನಮ್ಮ ಮೆಷಿನ್ 16 ಜಿಬಿ, ಅಂದರೆ ಸಿಗುವುದು 8. ಈ ಟೂಲು ತುರುಕಲು ಹೊರಟಿದ್ದು 30. ಆಟೋದಲ್ಲಿ ಬೀರು ಸಾಗಿಸಿದ ಹಾಗೆ.

ಡೆಬಿಯನ್‌ದು ತಪ್ಪೇನಿಲ್ಲ. ಫೆಡೋರಾ ಅನ್ನುವ ಇನ್ನೊಂದು ಲಿನಕ್ಸ್ ಇದನ್ನು 2013ರಲ್ಲೇ ಮಾಡಿತ್ತು. ದೊಡ್ಡ ಫೈಲಿಗೆ, ರೀಬೂಟ್ ಆದಮೇಲೂ ಉಳಿಯಬೇಕಾದ್ದಕ್ಕೆ ವಾರ್ ಟೆಂಪ್ (/var/tmp) ಅಂತ ಬೇರೆ ಜಾಗವೇ ಇದೆ. ನನ್ನ ಸಿಟ್ಟೆಲ್ಲ ಟೂಲ್ ಬರೆದ ಪುಣ್ಯಾತ್ಮರ ಮೇಲೆ. ಮನೆಗೆ ಬಂದವರು ಚಪ್ಪಲಿ ಎಲ್ಲಿ ಬಿಡಲಿ ಅಂತ ಕೇಳುತ್ತಾರಲ್ಲ, ಹಾಗೆ ಕೇಳುವುದಕ್ಕೆಂದೇ ಟೆಂಪ್‌ಡಿರ್ ಅನ್ನುವ ವೇರಿಯಬಲ್ ಇದೆ, ತಾತ್ಕಾಲಿಕ ಫೈಲು ಎಲ್ಲಿಡಬೇಕು ಅಂತ ನಾವು ಅದರಲ್ಲಿ ಬರೆದಿಡುತ್ತೇವೆ. ಯೂನಿಕ್ಸ್ ಥರದ ಸಿಸ್ಟಮ್‌ಗಳ ನಿಯಮಪುಸ್ತಕವಾದ ಪೋಸಿಕ್ಸ್‌ನಲ್ಲೇ ಬರೆದಿಟ್ಟಿದ್ದಾರೆ. ಪೈಥಾನ್ ಭಾಷೆ ಮೊದಲು ಅದನ್ನು ಕೇಳುತ್ತದೆ. ಅದು ಇಲ್ಲದಿದ್ದರೆ ತಾನೇ ಬೇರೆ ಜಾಗ ಹುಡುಕಿಕೊಳ್ಳುತ್ತದೆ. ಸಾಲುಗಳನ್ನು ಕ್ರಮವಾಗಿ ಜೋಡಿಸುವ ಬಡಪಾಯಿ ಸಾರ್ಟ್ ಕಮಾಂಡ್ ಕೂಡ ಕೇಳುತ್ತದೆ. ಈ ಟೂಲಿಗೆ ಮಾತ್ರ ಟೆಂಪ್‌ಡಿರ್ ಕೊಟ್ಟರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೀದಾ ಬೂಟು ಹಾಕಿಕೊಂಡೇ ದೇವರ ಮನೆಗೆ!

"ಅದಕ್ಕೊಂದು ಫ್ಲ್ಯಾಗ್ ಇದೆಯಲ್ಲ ಗುರೂ, ಮ್ಯಾನ್ಯುಯಲ್ ಓದು" ಅಂತ ಬೆಳಿಗ್ಗೆ ಗೆಳೆಯ ಹೇಳಿದ. ಇದೆ ಸ್ವಾಮಿ, ಇದೆ, ಫೈಲು ಎಲ್ಲಿಡಬೇಕು ಅಂತ ಕಮಾಂಡಿನ ಜೊತೆ ಬರೆದು ಹೇಳುವ ಆಯ್ಕೆ. ನನ್ನ ಬ್ಯಾಕಪ್ ಮುಗಿದಿದ್ದೂ ಅದರಿಂದಲೇ, ಬೆಳಗಿನ ಜಾವ ಐದಕ್ಕೆ. ಆದರೆ ಒಂದೊಂದು ಟೂಲಿನಲ್ಲಿ ಅದಕ್ಕೆ ಒಂದೊಂದು ಹೆಸರು. ಎಲ್ಲವನ್ನೂ ಮಗ್ಗಿ ಥರ ಬಾಯಿಪಾಠ ಮಾಡಲಾ? ಮ್ಯಾನ್ಯುಯಲ್ ಓದದವನಿಗೂ ಕೆಲಸ ಆಗಲಿ ಅಂತ ತಾನೇ ಡೀಫಾಲ್ಟ್ ಇರುವುದು? ಒಂದೋ ನಾನು ಹೇಳಿದ ಕಡೆ ಇಡಿ, ಇಲ್ಲವೇ 30 ಜಿಬಿ ಸಾಮಾನನ್ನು ವಾರ್ ಟೆಂಪ್‌ಗೆ ಹಾಕಿ. ಅದೂ ಕಷ್ಟವಾದರೆ ಶುರುವಿನಲ್ಲೇ "ಇಲ್ಲಿ ಜಾಗ ಸಾಲಲ್ಲ" ಅಂತ ಬಾಯಿಬಿಡಿ. ಯಾವ ಡೈರೆಕ್ಟರಿ ತುಂಬಿತು ಅಂತ ಎರರ್‌ನಲ್ಲಿ ಒಂದು ಪದ ಇದ್ದಿದ್ದರೂ ನಾನು ಮತ್ತೆ ಮಲಗಬಹುದಿತ್ತು.

ಇಷ್ಟೆಲ್ಲ ಕೂಗಾಡಿದ ಮೇಲೆ ಒಂದು ವಿಷಯ ಹೇಳಲೇಬೇಕು. ಹಳೇ ಆಫೀಸಿನಲ್ಲಿ ನಾನೂ ಒಂದು ಸ್ಕ್ರಿಪ್ಟ್ ಬರೆದಿದ್ದೆ. ಸ್ಲ್ಯಾಶ್ ಟೆಂಪ್‌ನಲ್ಲಿ ರಿಪೋರ್ಟ್ ಅಂತ ಯಾವಾಗಲೂ ಒಂದೇ ಹೆಸರಿನ ಫೈಲು. ಮೇಕ್‌ಟೆಂಪ್ (mktemp) ಅನ್ನುವ ಕಮಾಂಡ್ ಬಳಸಿದ್ದರೆ ಪ್ರತಿ ಸಲ ಹೊಸ ಹೆಸರು ಸಿಗುತ್ತಿತ್ತು, ಒಂದು ಸಾಲಿನ ಕೆಲಸ. ಸೋಮಾರಿತನ. ಒಂದು ದಿನ ಇಬ್ಬರು ಒಂದೇ ಲಾಗಿನ್‌ನಿಂದ ಒಟ್ಟಿಗೆ ಓಡಿಸಿದರು. ಒಬ್ಬನ ಲೆಕ್ಕ ಇನ್ನೊಬ್ಬನ ರಿಪೋರ್ಟಿಗೆ ಹೋಯಿತು. ಮೀಟಿಂಗಿನಲ್ಲಿ ಬೈಸಿಕೊಂಡವನು ಆ ರಿಪೋರ್ಟಿನವನು, ನಾನು ಸುಮ್ನೆ ಕೂತಿದ್ದೆ.

ಅವನು ನನ್ನ ಫ್ರೆಂಡ್ ಲಿಸ್ಟಿನಲ್ಲೇ ಇದ್ದಾನೆ. ಸಾರಿ ಕಣೋ. ಆ ತಿಂಗಳ ಲೆಕ್ಕ ನೀನು ಸರಿಯಾಗೇ ಮಾಡಿದ್ದೆ.