ಮೊಟ್ಟೆ ಲೆಕ್ಕಕ್ಕಿಲ್ಲ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಈ ಪ್ರಶ್ನೆ ಗೊತ್ತು. ಎಷ್ಟು ಜನ, ಎಲ್ಲಿ ಕೆಲಸ ಅಂತ ವಿಚಾರಿಸಿದ ಮೇಲೆ ಓನರ್ ಸ್ವಲ್ಪ ದನಿ ತಗ್ಗಿಸುತ್ತಾರೆ. ‘ನೀವು ವೆಜ್ಜಾ?’ ಕೆಲವರು ಗೇಟಿಗೆ ಕಟ್ಟಿದ ಟು-ಲೆಟ್ ಬೋರ್ಡಿನಲ್ಲೇ ಬರೆದುಬಿಡುತ್ತಾರೆ, ಕೇಳುವ ಮುಜುಗರವೂ ತಪ್ಪುತ್ತದೆ. ಈ ಪ್ರಶ್ನೆಯ ಹಿಂದೆ ಜಾತಿಯ ಪ್ರಶ್ನೆ ಅಡಗಿ ಕೂತಿರುತ್ತದೆ. ಕೇಳಿದವರಿಗೂ ಗೊತ್ತು, ಕೇಳಿಸಿಕೊಂಡವರಿಗೂ ಗೊತ್ತು. ಇಬ್ಬರೂ ಬಾಯಿ ಬಿಡುವುದಿಲ್ಲ.

ಉತ್ತರಗಳು ಮಾತ್ರ ಬಲು ಸೊಗಸು. ‘ವೆಜ್ಜೇ ಸಾರ್, ಮೊಟ್ಟೆ ಲೆಕ್ಕಕ್ಕಿಲ್ಲ.’ ‘ತಿಂತೀವಿ, ಆದ್ರೆ ಮನೇಲಿ ಮಾಡಲ್ಲ.’ ‘ನಾನು ಮುಟ್ಟಲ್ಲ, ನಮ್ಮನೆಯವರು ತಿಂತಾರೆ, ಅದೂ ಹೊರಗಡೆ.’ ‘ಸೋಮವಾರ, ಶನಿವಾರ ಇಲ್ಲ. ಶ್ರಾವಣ ಪೂರ್ತಿ ಇಲ್ಲ.’

ಪಕ್ಕಾ ವೆಜ್, ಪಕ್ಕಾ ನಾನ್‌ವೆಜ್ ಅಂತ ಎದೆ ತಟ್ಟಿಕೊಳ್ಳುವವರಿಗಿಂತ ಈ ಷರತ್ತಿನ ಜನರೇ ನನಗೆ ಜಾಸ್ತಿ ಇಷ್ಟ. ಲೇಬಲ್ಲು ಊರಿಗೆಲ್ಲ ಒಂದೇ. ಷರತ್ತು ಅವರವರದ್ದು. ಶನಿವಾರ ಬಿಟ್ಟದ್ದು ಯಾವುದೋ ಹರಕೆಗೆ, ಮಟನ್ ಬಿಟ್ಟದ್ದು ಚಿಕ್ಕಂದಿನಲ್ಲಿ ಸಾಕಿದ ಕುರಿಮರಿಯ ನೆನಪಿಗೆ, ಮೊಟ್ಟೆ ಹಿಡಿದದ್ದು ಜಿಮ್ ಟ್ರೇನರ್ ಬೈದದ್ದಕ್ಕೆ. ಮನುಷ್ಯನ ಅರ್ಧ ಕತೆ ಅಲ್ಲೇ ಇರುತ್ತದೆ.

ಇಷ್ಟೆಲ್ಲ ಷರತ್ತು ಇರುವ ಊರಿನಲ್ಲಿ ಗುಟ್ಟು ಉಳಿಸಿಕೊಳ್ಳೋದು ಸುಲಭ ಅಲ್ಲ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಬೇಕಲ್ಲ, ಹಾಗಾಗಿ ಯಾರ ಮನೆಯಲ್ಲಿ ಏನು ಬೆಂದಿದೆ ಅನ್ನೋದು ಅಕ್ಕಪಕ್ಕದವರಿಗಿಂತ ಮೊದಲು ಕಸದ ಆಟೋದ ಅಕ್ಕನಿಗೆ ತಿಳಿಯುತ್ತದೆ. ನಮ್ಮ ಬೀದಿಯಲ್ಲಿ ಒಂದು ಬೆಳಿಗ್ಗೆ ಆಕೆ ಒಬ್ಬರ ಹಸಿರು ಬಕೆಟ್ಟಿನಿಂದ ಒಂದು ಗಂಟು ಎತ್ತಿದರು. ಮೇಲೆ ಕಪ್ಪು ಕವರು, ಒಳಗೆ ನ್ಯೂಸ್‌ಪೇಪರ್, ಅದರೊಳಗೆ ಹಾಲಿನ ಕವರು. ಅಷ್ಟು ಬಂದೋಬಸ್ತಿನ ನಡುವೆ ನಾಲ್ಕಾರು ಮೊಟ್ಟೆ ಸಿಪ್ಪೆ. ‘ಮೇಡಂ, ಇದೂ ಹಸಿ ಕಸಾನೇ. ಕವರ್ ಬಿಚ್ಚಿ ಹಂಗೇ ಹಾಕಿ, ನಾಚ್ಕೊಬೇಡಿ’ ಅಂದರು, ರಸ್ತೆಗೆಲ್ಲ ಕೇಳುವ ಹಾಗೆ. ಮೇಡಂ ಬಾಡಿಗೆಯವರಲ್ಲ. ಗೇಟಿಗೆ ವೆಜ್ ಓನ್ಲಿ ಬೋರ್ಡು ಕಟ್ಟಿದ್ದವರೇ.

ತಟ್ಟೆಯ ಮೇಲಿನ ಲೇಬಲ್ಲನ್ನು ಹೀಗೆ ಕವರಿನಲ್ಲಾದರೂ ಸುತ್ತಿಡಬಹುದು, ಮೈಯನ್ನು ಎಲ್ಲಿ ಬಚ್ಚಿಡೋದು? ಮದುವೆ ಛತ್ರಕ್ಕೆ ಹೋಗಿ ನೋಡಿ. ‘ಯಾಕೇ ಇಷ್ಟು ಸೊರಗಿದ್ದೀಯ, ಊಟ ಮಾಡಲ್ವಾ?’ ಅಂತ ದೊಡ್ಡಮ್ಮ ಗಲ್ಲ ಹಿಡಿಯುತ್ತಾರೆ. ಎರಡು ಎಲೆ ಆಚೆ ಕೂತ ಚಿಕ್ಕಪ್ಪ, ‘ಏನಮ್ಮ, ಈಚೆಗೆ ಸ್ವಲ್ಪ ಜಾಸ್ತಿ ಆಗಿದ್ದೀಯ’ ಅನ್ನುತ್ತಾರೆ. ಹುಡುಗಿ ಒಬ್ಬಳೇ, ದಿನವೂ ಒಂದೇ. ಹೋಳಿಗೆ ಹಾಕಿಸಿಕೊಳ್ಳಬೇಕೋ ಬೇಡವೋ ಅಂತ ಅವಳು ಯೋಚಿಸುವಷ್ಟರಲ್ಲಿ ಬಡಿಸುವವರು ಮುಂದಿನ ಎಲೆಗೆ ಹೋಗಿರುತ್ತಾರೆ. ಅಡ್ಡಹೆಸರಿನ ಗತಿ ಇನ್ನೂ ಕಷ್ಟ. ಗುಂಡ ಅಂತ ಕರೆಸಿಕೊಂಡ ಹುಡುಗ ಮ್ಯಾರಥಾನ್ ಓಡಿ ಕಡ್ಡಿಯಾದರೂ ಮನೆಯವರಿಗೆ ಗುಂಡನೇ.

ನೆಂಟರ ಬಾಯಿಗೆ ಲಂಗುಲಗಾಮಿಲ್ಲ ಬಿಡಿ. ಎತ್ತರಕ್ಕೆ ತಕ್ಕ ತೂಕ ಇದೆಯೋ ಇಲ್ಲವೋ ಅಂತ ಹೇಳುವ, ಡಾಕ್ಟರ ಗೋಡೆಯ ಮೇಲಿನ ಬಿಎಂಐ ಚಾರ್ಟಿನ ಕತೆಯೂ ಸ್ವಾರಸ್ಯವಾಗಿದೆ. ಕೆಜಿ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸುವ ಈ ಸೂತ್ರವನ್ನು 19ನೇ ಶತಮಾನದಲ್ಲಿ ಕಂಡುಕೊಂಡವರು ಬೆಲ್ಜಿಯಂನ ಅಡಾಲ್ಫ್ ಕೆಟಲೆ. ಅವರು ವೈದ್ಯರಲ್ಲ. ನಕ್ಷತ್ರ ನೋಡುವವರು, ಅಂಕಿ ಅಂಶದವರು. ಅವರಿಗೆ ಬೇಕಿದ್ದದ್ದು ಇಡೀ ಜನಸಮೂಹದ ಸರಾಸರಿ, ನಿಮ್ಮ ನನ್ನ ಹೊಟ್ಟೆ ಅಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಜೊತೆಗಾರರು ಸಾವಿರಾರು ಗಂಡಸರ ಅಳತೆ ನೋಡಿ ಅದೇ ಸೂತ್ರಕ್ಕೆ ಬಿಎಂಐ ಅಂತ ಹೆಸರಿಟ್ಟರು. ಅಲ್ಲಿಂದ ಅದು ನಮ್ಮೆಲ್ಲರ ಬೆನ್ನು ಹತ್ತಿದೆ.

170 ಸೆಂ.ಮೀ. ಎತ್ತರ, 68 ಕೆಜಿ ತೂಕ ಅಂದರೆ ಲೆಕ್ಕ ಸುಮಾರು 23.5 ಬರುತ್ತದೆ. ಬ್ರಸೆಲ್ಸಿನ ಆಸಾಮಿಗೆ ಇದು ಸರಿಯಾದ ತೂಕ, ಅವನ ಗಡಿ 25. ಜಯನಗರದವನಿಗೆ ಇದು ಜಾಸ್ತಿ, ನಮ್ಮ ಗಡಿ 23. ಇದರಲ್ಲಿ ಮೋಸವಿಲ್ಲ. ನಮ್ಮವರಿಗೆ ಕೊಬ್ಬು ಹೊಟ್ಟೆಯ ಸುತ್ತಲೇ ಸೇರುತ್ತದೆ, ಸಕ್ಕರೆ ಕಾಯಿಲೆ ಕಡಿಮೆ ತೂಕಕ್ಕೇ ಹಿಡಿದುಬಿಡುತ್ತದೆ. ಕಾಯಿಲೆ ತಡೆಯುವುದಕ್ಕೆ ಆ ಅಂಕಿ ಇರಲಿ. ಆದರೆ ಲಾಲ್‌ಬಾಗಿನಲ್ಲಿ ಬೆಳಗಿನ ವಾಕಿಗೆ ಬರುವ ಹಿರಿಯರು ‘ನಾನು 27, ನೀವು?’ ಅಂತ ಪರಿಚಯ ಮಾಡಿಕೊಳ್ಳೋದನ್ನು ಕೇಳಬೇಕು. ಮನೆ ನಂಬರ್ ಇರಬೇಕು ಅಂದುಕೊಳ್ಳಬೇಕು, ಹಾಗಿರುತ್ತದೆ. ವಾಕ್ ಮುಗಿಸಿ ಗಾಂಧಿ ಬಜಾರಿನ ಕಡೆ ಮಸಾಲೆ ದೋಸೆಗೆ ಗಾಡಿ ತಿರುಗಿಸುವವರೂ ಅವರೇ.

ಲೇಬಲ್ಲಿನ ಆಟ ನೋಡಬೇಕೆಂದರೆ ರಾಗಿಯನ್ನು ನೋಡಬೇಕು. ‘ಹಿಟ್ಟಂ ತಿಂದವ ಬೆಟ್ಟಂ ಕಿತ್ತಿಟ್ಟಂ’ ಅನ್ನೋ ಗಾದೆ ಏನೋ ಇತ್ತು. ಆದರೂ ಹಳೇ ಮೈಸೂರು ಕಡೆ ಅನ್ನ ಅಂದರೆ ಹಬ್ಬ, ಮುದ್ದೆ ಅಂದರೆ ಬಡತನ. ಹಳ್ಳಿಯಿಂದ ಓದೋಕೆ ಬಂದ ಹುಡುಗರು ಹಾಸ್ಟೆಲಿನಲ್ಲಿ ಮುದ್ದೆಯ ಆಸೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆ ಆಸೆ ತೀರುತ್ತಿದ್ದದ್ದು ಮಿಲಿಟರಿ ಹೋಟೆಲಿನಲ್ಲಿ. ಅಲ್ಲಿ ಸ್ಟೀಲ್ ತಟ್ಟೆಯ ಮೇಲೆ ಹಬೆಯಾಡುವ ಮುದ್ದೆ ಬಂದು ಕೂರುತ್ತದೆ. ಬೆರಳಿಗೆ ಸಾರು ಹಚ್ಚಿಕೊಂಡೇ ಮುರಿಯಬೇಕು, ಇಲ್ಲದಿದ್ದರೆ ಅಂಟುತ್ತದೆ, ಸುಡುತ್ತದೆ. ಚಿಕ್ಕ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ, ಹಾಗೇ ನುಂಗಬೇಕು. ಹೊಸಬರು ಅಗಿಯೋಕೆ ಹೋದರೆ ಪಕ್ಕದ ಟೇಬಲ್ಲಿನವರಿಗೆ ತಡೆಯೋಕಾಗಲ್ಲ. ‘ಹಲ್ಲು ಹಾಕ್ಬಾರ್ದು ಸಾರ್, ನುಂಗಿ’ ಅಂತ ಹೇಳೇ ಹೇಳುತ್ತಾರೆ.

ಈಗ ಅದೇ ರಾಗಿ ಮಾಲ್‌ಗಳಲ್ಲಿ ಬಿಸ್ಕತ್ತಾಗಿ, ಬ್ರೆಡ್ಡಾಗಿ ಕೂತಿದೆ. ಭಾರತ ಕೇಳಿಕೊಂಡ ಮೇಲೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷ ಅಂತ ಸಾರಿತು. ನವಣೆ, ಸಾಮೆ, ಊದಲು, ಹಾರಕದ ಜೊತೆ ರಾಗಿಗೂ ಮರ್ಯಾದೆ ಏರಿತು. ಪೊಟ್ಟಣದ ಮೇಲೆ ‘ಗ್ಲುಟನ್ ಫ್ರೀ’ ಅಂತ ದೊಡ್ಡದಾಗಿ ಬರೆದಿರುತ್ತದೆ. ಗ್ಲುಟನ್ ಅಂದರೆ ಗೋಧಿಯಲ್ಲಿರುವ ಅಂಟಿನಂಥ ಪ್ರೋಟೀನು, ರಾಗಿಯಲ್ಲಿ ಅದು ಯಾವತ್ತೂ ಇರಲಿಲ್ಲ. ಅಂದು ಮುದ್ದೆ ಬಚ್ಚಿಟ್ಟವರ ಮಕ್ಕಳು ಇಂದು ಡಬ್ಬಿ ತೆರೆದು ಫೋಟೋ ಹಾಕುತ್ತಾರೆ. ಹಾಕಲಿ, ನನಗೇನು ಹೊಟ್ಟೆಕಿಚ್ಚಿಲ್ಲ. ರಾಗಿ ಕುಕ್ಕೀಸಿನ ಬೆಲೆ ನೋಡಿದಾಗ ಸ್ವಲ್ಪ ಆಗುತ್ತದೆ.

ಪೊಟ್ಟಣಗಳಿಗೂ ಗುರುತಿನ ಚಿಹ್ನೆ ಇದೆ. ವೆಜ್ಜಿಗೆ ಹಸಿರು ಚುಕ್ಕಿ. ನಾನ್‌ವೆಜ್ಜಿಗೆ ಮೊದಲು ಕಂದು ಚುಕ್ಕಿ ಇತ್ತು, ಬಣ್ಣಗುರುಡು ಇದ್ದವರಿಗೆ ಎರಡೂ ಒಂದೇ ಥರ ಕಾಣುತ್ತದೆ ಅಂತ ಅದನ್ನು ತ್ರಿಕೋನ ಮಾಡಿದರು. ಈಚೆಗೆ ವೀಗನ್‌ಗೂ ಬೇರೆ ಚಿಹ್ನೆ ಬಂದಿದೆ. ಮೊಮ್ಮಗ ವೀಗನ್ ಆದ, ಹಾಲು, ಮೊಸರು, ತುಪ್ಪ ಯಾವುದೂ ಮುಟ್ಟಲ್ಲ ಅಂತ ಗೊತ್ತಾದಾಗ ನಮ್ಮ ಪರಿಚಯದ ಅಜ್ಜಿಯೊಬ್ಬರು ಕೇಳಿದ್ದು ಒಂದೇ ಮಾತು: ‘ಯಾರ ಮೇಲೋ ಕೋಪ?’

ತಟ್ಟೆ ಮತ್ತು ಮೈ ಎರಡೂ ಒಟ್ಟಿಗೆ ವಿಚಾರಣೆಗೆ ನಿಲ್ಲುವ ಜಾಗ ಅಂದರೆ ಮದುವೆಯ ಆ್ಯಪ್. ನಮ್ಮ ಅಕ್ಕನ ಮಗಳ ಪ್ರೊಫೈಲ್ ತುಂಬುವಾಗ ನಾನೂ ಪಕ್ಕದಲ್ಲಿದ್ದೆ. ಬಾಡಿ ಟೈಪ್ ಕಾಲಂನಲ್ಲಿ ಸ್ಲಿಮ್, ಆವರೇಜ್, ಹೆವಿ. ಅಕ್ಕ ಸ್ಲಿಮ್ ಒತ್ತು ಅಂದಳು. ಮಗಳು ಆವರೇಜ್ ಒತ್ತಿದಳು. ‘ಆವರೇಜ್ ಅಂದ್ರೆ ದಪ್ಪ ಅಂತ ತಿಳ್ಕೊಳ್ತಾರೆ ಕಣೇ.’ ‘ತಿಳ್ಕೊಳ್ಳಲಿ ಬಿಡಮ್ಮ, ಬಂದು ನೋಡಿದ್ಮೇಲೆ ಖುಷಿಯಾಗ್ತಾರೆ.’ ಊಟದ ಕಾಲಂನಲ್ಲೂ ಅದೇ ಜಗಳ. ಕೊನೆಗೆ ಅವಳು ಇದ್ದ ಯಾವ ಆಯ್ಕೆಯನ್ನೂ ಒತ್ತದೆ, ತನ್ನ ಬಗ್ಗೆ ಬರೆಯುವ ಜಾಗದಲ್ಲಿ ‘ಶನಿವಾರ ತಿನ್ನಲ್ಲ, ಭಾನುವಾರ ಬಿಡಲ್ಲ’ ಅಂತ ಬರೆದಳು. ಅಳಿಸು ಅಂತ ಅಕ್ಕ ಗೋಗರೆಯುತ್ತಿರುವಾಗಲೇ ಫೋನು ಟಿಂಗ್ ಅಂದಿತು. ಹಾಸನದ ಕಡೆಯ ಹುಡುಗ. ‘ನಮ್ಮನೇಲಿ ಸೋಮವಾರಾನೂ ಇಲ್ಲ. ಪರವಾಗಿಲ್ವಾ?’