ಮಾಡದೇ ಹೋದ ಫೋನಿನ ಲೆಕ್ಕ

ಹುತ್ತರಿ ಹಬ್ಬಕ್ಕೆ ಅಕ್ಕನ ಮಗಳು ಕೊಡಗಿನ ನಮ್ಮ ಊರಿಗೆ ಬಂದಿದ್ದಳು. ಕಂಪ್ಯೂಟರ್ ಸೈನ್ಸ್‌ನಲ್ಲಿ ಪಿಎಚ್‌ಡಿ ಮುಗಿಸಿ ಈಗ ಪೋಸ್ಟ್‌ಡಾಕ್ ಮಾಡುತ್ತಿದ್ದಾಳೆ. ಪಿಎಚ್‌ಡಿ ಆದ ಮೇಲೂ ಎರಡು ಮೂರು ವರ್ಷ ಒಂದು ವಿಷಯ ಹಿಡಿದು ಸಂಶೋಧನೆ ಮಾಡುವುದಕ್ಕೆ ಹಾಗೆನ್ನುತ್ತಾರೆ. ಅವಳು ಹಿಡಿದಿರುವ ವಿಷಯ ಆಂಬ್ಯುಲೆನ್ಸ್. ಇರುವಷ್ಟು ಗಾಡಿಗಳನ್ನು ಎಲ್ಲೆಲ್ಲಿ ನಿಲ್ಲಿಸಿದರೆ ಜಾಸ್ತಿ ಜನರಿಗೆ ಬೇಗ ಸಿಗುತ್ತವೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ.

ಜಗಲಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದು ಒಂದು ನಕ್ಷೆ ತೋರಿಸಿದಳು. ನಮ್ಮ ಜಿಲ್ಲೆಯದಲ್ಲ, ದೂರದ ಯಾವುದೋ ಊರಿನದು. ನಕ್ಷೆ ತುಂಬ ನೀಲಿ ಚುಕ್ಕಿ. ಒಂದು ಚುಕ್ಕಿ ಅಂದರೆ ಆಂಬ್ಯುಲೆನ್ಸ್‌ಗೆ ಬಂದ ಒಂದು ಕರೆ. ಪೇಟೆ ಇರುವ ಕಡೆ ಸಾಸಿವೆ ಚೆಲ್ಲಿದ ಹಾಗೆ. ಒಂದು ಅಂಚಿನಲ್ಲಿ ಮಾತ್ರ ಖಾಲಿ.

"ಇಲ್ಲಿ ಯಾಕೆ ಏನೂ ಇಲ್ಲ?" ಅಂತ ಕೇಳಿದೆ.

"ಅದು ಗುಡ್ಡದ ಕಡೆ ಮಾವ. ಅಲ್ಲಿಂದ ಕರೆ ಬಂದಿಲ್ಲ."

"ಕರೆ ಬಂದಿಲ್ಲ ಅಂದರೆ ಅಲ್ಲಿ ಯಾರೂ ಕಾಯಿಲೆ ಬೀಳಲ್ವಾ?"

ಅವಳು ಸ್ವಲ್ಪ ಹೊತ್ತು ಸುಮ್ಮನೆ ನಕ್ಷೆ ನೋಡಿದಳು. ಆಮೇಲೆ ಎರಡು ವರ್ಷದ ಹಿಂದಿನ ಜುಲೈ ರಾತ್ರಿಯ ಕಥೆ ಅವಳಿಗೆ ಹೇಳಿದೆ. ಇಲ್ಲೂ ಬರೆಯುತ್ತೇನೆ.

ಚಿಕ್ಕಪ್ಪನಿಗೆ ಊಟ ಆದ ಮೇಲೆ ಎದೆನೋವು ಶುರುವಾಯಿತು. ಮೂರು ದಿನದಿಂದ ಕರೆಂಟ್ ಇರಲಿಲ್ಲ. ಕರೆಂಟ್ ಹೋಗಿ ಒಂದು ದಿನ ಕಳೆದರೆ ನಮ್ಮ ಕಡೆ ಟವರ್ ಕೂಡ ಸತ್ತ ಹಾಗೆ. ಫೋನ್ ಸಿಗ್ನಲ್ ಬೇಕೆಂದರೆ ತೋಟದ ಮೇಲಿನ ಬಾಣೆಗೆ, ಅಂದರೆ ಎತ್ತರದ ಜಾಗಕ್ಕೆ, ಹತ್ತಬೇಕು. ಆ ಮಳೆಯಲ್ಲಿ ಯಾರು ಹತ್ತುತ್ತಾರೆ? 108ಕ್ಕೆ ಫೋನ್ ಮಾಡುವ ಯೋಚನೆಯೇ ಯಾರಿಗೂ ಬರಲಿಲ್ಲ. ಚಿಕ್ಕಪ್ಪನ ಮಗ ಸೀದಾ ಪಕ್ಕದ ಮನೆಗೆ ಓಡಿ ಪಿಕಪ್ ಜೀಪು ತಂದ. ಹಿಂದೆ ಹಾಸಿಗೆ ಹಾಕಿ, ಮೇಲೆ ಟಾರ್ಪಾಲು ಕಟ್ಟಿ ಹೊರಟೆವು. ಆಗ ರಾತ್ರಿ 11 ಗಂಟೆ.

ಸೇತುವೆಗೆ ಮೊದಲಿನ ತಿರುವಿನಲ್ಲಿ ಸಿಲ್ವರ್ ಮರ ರಸ್ತೆಗೆ ಅಡ್ಡ ಬಿದ್ದಿತ್ತು. ಮಳೆಗಾಲದಲ್ಲಿ ಮರ ಕೊಯ್ಯುವ ಮಿಷನ್ ಇಲ್ಲದೆ ನಮ್ಮ ಕಡೆ ಯಾರೂ ಜೀಪು ತೆಗೆಯುವುದಿಲ್ಲ. ಹಾಗಾಗಿ ಬಚಾವಾದೆವು. ಚಿಕ್ಕಪ್ಪನ ಮಗನೂ ಪಕ್ಕದ ಮನೆಯವರೂ ಮರ ಕೊಯ್ಯುತ್ತಿದ್ದರೆ ನಾನು ಹಿಂದೆ ಚಿಕ್ಕಪ್ಪನ ಜೊತೆ ಕೂತಿದ್ದೆ. ಟಾರ್ಪಾಲಿನ ಮೇಲೆ ಮಳೆ ಬೀಳುವ ಸದ್ದಿಗೆ ಅವರ ಉಸಿರು ಕೇಳಿಸುತ್ತಿರಲಿಲ್ಲ. ಅದಕ್ಕೆ ಅಂಗೈಯನ್ನು ಅವರ ಎದೆ ಮೇಲೆ ಇಟ್ಟುಕೊಂಡೇ ಇದ್ದೆ. ಅದು ಮೇಲೆ ಕೆಳಗೆ ಆಗುತ್ತಿದೆಯಾ ಅಂತ ಕೈಯಲ್ಲೇ ನೋಡುತ್ತಿದ್ದೆ.

ಮಡಿಕೇರಿ ಆಸ್ಪತ್ರೆ ತಲುಪಿದಾಗ 2.20. ಅಲ್ಲಿಂದ ಮೈಸೂರಿಗೆ ಕಳಿಸಿದರು. ಬದುಕಿದರು. ಈಗಲೂ ಕೋಲು ಹಿಡಿದು ಮೆಣಸಿನ ಬಳ್ಳಿ ನೋಡಲು ಹೋಗುತ್ತಾರೆ.

ಆದರೆ 11 ಗಂಟೆಯಿಂದ 2.20ರವರೆಗಿನ ಆ ದಾರಿ ಯಾವ ದಾಖಲೆಯಲ್ಲೂ ಇಲ್ಲ. ಕರೆಯೇ ಹೋಗಿಲ್ಲ, ಚುಕ್ಕಿ ಎಲ್ಲಿಂದ ಬರಬೇಕು? ಗಾಡಿ ದೂರ ಇದೆ ಅಂತ ಜನ ಫೋನ್ ಮಾಡುವುದಿಲ್ಲ. ಫೋನ್ ಬಂದಿಲ್ಲ ಅಂತ ಲೆಕ್ಕದಲ್ಲಿ ಆ ಊರು ಸೊನ್ನೆ. ಸೊನ್ನೆ ಇರುವ ಕಡೆ ಗಾಡಿ ನಿಲ್ಲಿಸು ಅಂತ ಯಾವ ಕಂಪ್ಯೂಟರೂ ಹೇಳುವುದಿಲ್ಲ. ಗಾಡಿ ಇನ್ನೂ ದೂರ ಹೋಗುತ್ತದೆ. ನನಗೆ ನಿಜವಾಗಿ ಸಂಕಟ ಆಗುವುದು ಇಲ್ಲಿ.

ಈ ಲೆಕ್ಕದ ವಿದ್ಯೆ ಹೊಸದೇನಲ್ಲ ಅಂತ ಅವಳೇ ಹೇಳಿದಳು. 1971ರಲ್ಲಿ ಟೊರೆಗಸ್ ಎಂಬ ಸಂಶೋಧಕರು ಮತ್ತು ಜೊತೆಗಾರರು ಕೇಳಿದ ಪ್ರಶ್ನೆ: ಎಲ್ಲ ಊರಿಗೂ ಇಷ್ಟು ನಿಮಿಷದೊಳಗೆ ತಲುಪಲು ಕಡಿಮೆ ಎಂದರೆ ಎಷ್ಟು ಕಡೆ ಗಾಡಿ ಬೇಕು? 1974ರಲ್ಲಿ ಚರ್ಚ್ ಮತ್ತು ರೆವೆಲ್ ಅದನ್ನು ತಿರುಗಿಸಿ ಕೇಳಿದರು: ಗಾಡಿ ಇಷ್ಟೇ ಇದೆ, ಜಾಸ್ತಿ ಜನರಿಗೆ ಸಿಗಬೇಕಾದರೆ ಎಲ್ಲಿ ನಿಲ್ಲಿಸಬೇಕು? ಈ ಎರಡನೇ ಪ್ರಶ್ನೆಯಲ್ಲೇ ನಮ್ಮಂಥವರು ಬಿಟ್ಟುಹೋಗುವುದು. ಜಾಸ್ತಿ ಜನ ಇರುವುದು ಪೇಟೆಯಲ್ಲಿ ಅಲ್ವಾ? ಇನ್ನೊಂದು ತೊಡಕೂ ಇದೆ. 15 ನಿಮಿಷ ಅಂತ ಗೆರೆ ಎಳೆದರೆ 16ನೇ ನಿಮಿಷಕ್ಕೂ ಒಂದೂವರೆ ಗಂಟೆಗೂ ಆ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ದೇಹ ಹಾಗೆ ಕೆಲಸ ಮಾಡುವುದಿಲ್ಲ. ಹೃದಯ ನಿಂತವರಿಗೆ ಯಾರೂ ಎದೆ ಒತ್ತಿ ಸಿಪಿಆರ್ ಕೊಡದಿದ್ದರೆ ಬದುಕುವ ಸಾಧ್ಯತೆ ಪ್ರತಿ ನಿಮಿಷಕ್ಕೂ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಎಷ್ಟು ಜೀವ ಉಳಿಯುತ್ತದೆ ಎಂಬುದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವ ಮಾದರಿಗಳು ಆಮೇಲೆ ಬಂದಿವೆಯಂತೆ. ಕೇಳಿ ಸಮಾಧಾನ ಆಯಿತು.

ಜನಸಂಖ್ಯೆ ನೋಡಿ ಗಾಡಿ ಹಂಚುವುದಂತೂ ನಮಗೆ ನ್ಯಾಯ ಅಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಳತೆಯಲ್ಲಿ ಲಕ್ಷ ಜನರಿಗೆ ಒಂದು ಸಾಮಾನ್ಯ ಆಂಬ್ಯುಲೆನ್ಸ್, 5 ಲಕ್ಷಕ್ಕೆ ಒಂದು ಹೆಚ್ಚು ಸೌಲಭ್ಯದ ಗಾಡಿ. 2011ರ ಜನಗಣತಿಯಲ್ಲಿ ಕೊಡಗಿನಲ್ಲಿದ್ದದ್ದು ಐದೂವರೆ ಲಕ್ಷ ಜನ. ಹಾಗಾದರೆ ಐದಾರು ಗಾಡಿ, ಜೊತೆಗೆ ದೊಡ್ಡದು ಒಂದು. ಆದರೆ ಜಾಗ 4,102 ಚದರ ಕಿಲೋಮೀಟರ್. ಬೆಂಗಳೂರು ನಗರ ಜಿಲ್ಲೆಯ ಸುಮಾರು ಎರಡರಷ್ಟು. ಬಿರುನಾಣಿಯಿಂದ ಶನಿವಾರಸಂತೆವರೆಗೆ ಆ ಆರು ಗಾಡಿಯನ್ನು ಹೇಗೆ ಹಂಚುತ್ತೀರಿ?

ಮೈಸೂರಿನ ವಿಷಯವೂ ಇದೆ. ಮಡಿಕೇರಿಯಲ್ಲಿ 2016ರಿಂದ ಮೆಡಿಕಲ್ ಕಾಲೇಜು ಇದೆ, ನಿಜ. ಆದರೂ ಎಷ್ಟೋ ರೋಗಿಗಳನ್ನು ಈಗಲೂ 120 ಕಿಲೋಮೀಟರ್ ದೂರದ ಮೈಸೂರಿಗೆ ಕರೆದುಕೊಂಡು ಹೋಗಬೇಕು. ಹೋದ ಗಾಡಿ ವಾಪಸ್ ಬರಲು ಅರ್ಧ ದಿನ. ಅಷ್ಟು ಹೊತ್ತು ಆ ಜಾಗ ಖಾಲಿ. ಒಂದು ಗಾಡಿ ಕೆಲಸದಲ್ಲಿ ಇರುವಾಗ ಇನ್ನೊಂದು ಕರೆ ಬಂದರೆ ಏನು ಅನ್ನುವುದನ್ನು 1983ರಲ್ಲೇ ಡಾಸ್ಕಿನ್ ಎಂಬ ಸಂಶೋಧಕರು ಲೆಕ್ಕಕ್ಕೆ ಸೇರಿಸಿದ್ದರು. ಪೇಟೆಯಲ್ಲಿ ಪಕ್ಕದ ಗಾಡಿ ಐದು ನಿಮಿಷದಲ್ಲಿ ಆ ಜಾಗ ತುಂಬುತ್ತದೆ. ನಮ್ಮಲ್ಲಿ ಪಕ್ಕದ ಗಾಡಿ ಅಂದರೆ ಪಕ್ಕದ ತಾಲೂಕಿನದು.

ಮಳೆಗಾಲಕ್ಕೆ ಬೇರೆಯೇ ನಕ್ಷೆ ಬೇಕು ಅಂತ ಅವಳಿಗೆ ಒತ್ತಿ ಹೇಳಿದೆ. ಮಾರ್ಚ್‌ನ ಕೊಡಗೇ ಬೇರೆ, ಆಗಸ್ಟ್‌ನ ಕೊಡಗೇ ಬೇರೆ. ಭಾಗಮಂಡಲದಲ್ಲಿ ಹೊಳೆ ಉಕ್ಕಿದರೆ ರಸ್ತೆ ಮುಳುಗುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿತು, ಮಂಗಳೂರಿನ ಕಡೆಗೆ ದಾರಿ ಇಲ್ಲದ ಹಾಗಾಯಿತು. ತಿತಿಮತಿ ಕಡೆಯವರನ್ನು ಕೇಳಿ, ರಾತ್ರಿ ರಸ್ತೆಯಲ್ಲಿ ಆನೆ ನಿಂತರೆ ಎಷ್ಟು ಹೊತ್ತು ಕಾಯಬೇಕು ಅಂತ.

108 ಸುಮ್ನೆ ಅಂತ ಖಂಡಿತ ಹೇಳುತ್ತಿಲ್ಲ. 2008ರ ನವೆಂಬರ್ 1ರಂದು ನಮ್ಮ ರಾಜ್ಯದಲ್ಲಿ ಶುರುವಾದ ಮೇಲೆ ಎಷ್ಟು ಬಾಣಂತಿಯರು, ಎಷ್ಟು ಅಪಘಾತದವರು ಉಳಿದಿದ್ದಾರೆ. ಆ ಗಾಡಿ ಓಡಿಸುವವರ ಮೇಲೆ ನನಗೆ ಬಹಳ ಗೌರವ. ನಾನು ಕೇಳುತ್ತಿರುವುದು ಒಂದೇ. ಸಂಶೋಧನೆ ಮಾಡುವವರು ಕರೆಗಳ ದಾಖಲೆಯಷ್ಟೇ ನೋಡಬೇಡಿ. ಆಸ್ಪತ್ರೆಯ ಬಾಗಿಲಲ್ಲಿ ನಿಂತು, ಜೀಪಿನಲ್ಲಿ, ಆಟೋದಲ್ಲಿ, ಹೆಗಲ ಮೇಲೆ ಬಂದವರನ್ನೂ ಎಣಿಸಿ. ಯಾವ ಊರಿಂದ ಬಂದಿರಿ, ಎಷ್ಟು ಗಂಟೆಗೆ ಹೊರಟಿರಿ ಅಂತ ಎರಡೇ ಪ್ರಶ್ನೆ ಕೇಳಿ.

ಅವಳು ಬರುವ ಜುಲೈಗೆ ಒಂದು ತಿಂಗಳು ಇಲ್ಲೇ ಇರುತ್ತೇನೆ ಅಂದಿದ್ದಾಳೆ. ಅಷ್ಟರೊಳಗೆ ನಾವೇ ಶುರು ಮಾಡೋಣ. ನಿಮ್ಮ ಮನೆಯಲ್ಲೂ ಇಂಥ ರಾತ್ರಿ ಬಂದಿದ್ದರೆ ಕೆಳಗೆ ಬರೆಯಿರಿ. ಯಾವ ಕಡೆ, ಯಾವ ತಿಂಗಳು, ಹೊರಟ ಗಂಟೆ, ತಲುಪಿದ ಗಂಟೆ, ಯಾವ ಗಾಡಿ. ರೋಗಿಯ ಹೆಸರು ಬೇಡ.

ನನ್ನದು: ಸೋಮವಾರಪೇಟೆ ತಾಲೂಕು, ಜುಲೈ, ರಾತ್ರಿ 11ರಿಂದ 2.20, ಪಕ್ಕದ ಮನೆಯ ಪಿಕಪ್. ಫೋನ್ ಮಾಡಿಲ್ಲ.